ಬಿಟ್ಟಿ ಪ್ರಚಾರ, ಬಿಟ್ಟ ದತ್ತಿ

ಸಣ್ಣದೊಂದು ಬೇಕರಿ ತೆರೆದವರಿಗೂ, ಊರಿನ ಶಾಲೆಗೆ ಲೈಬ್ರರಿ ಮಾಡಿಕೊಡೋಣ ಅಂತ ನಾಲ್ಕು ಜನ ಗೆಳೆಯರು ಸೇರಿ ಟ್ರಸ್ಟ್ ಕಟ್ಟಿದವರಿಗೂ ಮೊದಲ ವರ್ಷ ಕಾಡೋ ಪ್ರಶ್ನೆ ಒಂದೇ. ಇದ್ದ ದುಡ್ಡೆಲ್ಲ ಬಾಡಿಗೆಗೆ, ಸಾಮಾನಿಗೆ, ನೋಂದಣಿಗೆ ಹೋಯ್ತು. ಜಾಹೀರಾತಿಗೆ ಏನೂ ಉಳಿದಿಲ್ಲ. ನಾವು ಹೀಗೊಂದು ಕೆಲಸ ಮಾಡ್ತಿದ್ದೀವಿ ಅಂತ ನಾಲ್ಕು ಜನಕ್ಕೆ ಗೊತ್ತಾಗೋದು ಹೇಗೆ? ಬಿಟ್ಟಿಯಾಗಿ ಪ್ರಚಾರ ಸಿಗೋ ದಾರಿ ಯಾವುದಾದ್ರೂ ಇದೆಯಾ?

ಈ ಪ್ರಶ್ನೆಗೆ ಉತ್ತರ ಹೇಳೋ ಮಾರ್ಕೆಟಿಂಗ್ ಪುಸ್ತಕಗಳು ಬೇಕಾದಷ್ಟಿವೆ. ಅವನ್ನು ತೆರೆಯೋ ಮೊದಲು ‘ಬಿಟ್ಟಿ’ ಅನ್ನೋ ಪದವನ್ನೇ ಒಂದು ಸಲ ತಿರುಗಿಸಿ ನೋಡಬೇಕು. ಸಂಸ್ಕೃತದ ‘ವಿಷ್ಟಿ’ ಕನ್ನಡದ ಬಾಯಿಗೆ ಬಂದು ‘ಬಿಟ್ಟಿ’ ಆಯ್ತು. ವಿಷ್ಟಿ ಅಂದ್ರೆ ಕೂಲಿ ಕೊಡದೆ ಮಾಡಿಸಿಕೊಳ್ಳೋ ದುಡಿಮೆ. ಅಧಿಕಾರಿ ಊರಿಗೆ ಬಂದ್ರೆ ಅವನ ಗಂಟುಮೂಟೆ ಹೊರಬೇಕು, ಕರೆದಾಗ ಅರಮನೆಯ ಕೆಲಸಕ್ಕೆ ಹೋಗಬೇಕು. ನಮ್ಮ ಹಳೆಯ ಶಾಸನಗಳಲ್ಲಿ ತೆರಿಗೆಗಳ ಪಟ್ಟಿಯ ನಡುವೆ ಬಿಟ್ಟಿಯ ಹೆಸರೂ ಬರುತ್ತೆ, ಯಾಕಂದ್ರೆ ಅದೂ ಒಂದು ತೆರಿಗೆಯೇ. ಬೆವರಿನಲ್ಲಿ ಕಟ್ಟೋ ತೆರಿಗೆ.

ಅಂದ್ರೆ ಬಿಟ್ಟಿ ಅನ್ನೋ ಮಾತಿಗೆ ‘ಖರ್ಚಿಲ್ಲದ್ದು’ ಅನ್ನೋ ಅರ್ಥ ಮೊದಲಿಗೆ ಇರಲೇ ಇಲ್ಲ. ಖರ್ಚು ಇತ್ತು, ಅದು ಬೇರೆಯವರ ಮೈಮೇಲೆ ಬೀಳ್ತಿತ್ತು ಅಷ್ಟೆ. ಬಿಟ್ಟಿ ಪ್ರಚಾರದ ಕತೆಯೂ ಹೀಗೇ. ನಿಮ್ಮ ಸುದ್ದಿಯನ್ನು ನೀವು ದುಡ್ಡು ಕೊಡದೆ ಇನ್ಯಾರೋ ಹೊತ್ತುಕೊಂಡು ಹೋಗ್ತಾರೆ. ಆ ಇನ್ಯಾರೋ ಯಾಕೆ ಹೊರಬೇಕು? ಇದಕ್ಕೆ ಸಾವಿರ ವರ್ಷದ ಹಿಂದೆ ನಮ್ಮ ನಾಡಿನ ಒಂದು ಹಳ್ಳಿ ಕೊಟ್ಟ ಉತ್ತರ ಇವತ್ತಿಗೂ ಕಲ್ಲಿನ ಮೇಲೆ ಇದೆ.

ಆ ಹಳ್ಳಿ ಬಾಗಳಿ, ಹರಪನಹಳ್ಳಿ ತಾಲ್ಲೂಕಿನದು. ಈ ಊರಿನ ವಿಳಾಸ ಬದಲಾದಷ್ಟು ಸಲ ಬೆಂಗಳೂರಿನ ಬಾಡಿಗೆದಾರನ ವಿಳಾಸವೂ ಬದಲಾಗಿರಲಿಕ್ಕಿಲ್ಲ. ಮೊದಲು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ ಜಿಲ್ಲೆ. ಇಷ್ಟೆಲ್ಲ ಆದ್ರೂ ಊರು ಇದ್ದಲ್ಲೇ ಇದೆ, ಊರಿನ ಕಲ್ಲೇಶ್ವರ ದೇವಸ್ಥಾನವೂ ಇದ್ದಲ್ಲೇ ಇದೆ.

ದೇವಸ್ಥಾನದ ಕಟ್ಟೋಣ ಎರಡು ರಾಜವಂಶಗಳ ಕಾಲಕ್ಕೆ ಹರಡಿಕೊಂಡಿದೆ. ಹತ್ತನೇ ಶತಮಾನದ ನಡುವೆ ರಾಷ್ಟ್ರಕೂಟರು ಇನ್ನೂ ಆಳ್ತಿದ್ದಾಗ ದುಗ್ಗಿಮಯ್ಯ ಅನ್ನೋನು ಇಲ್ಲಿ ಕಲಿದೇವನನ್ನು, ಅಂದ್ರೆ ಶಿವನನ್ನು, ಪ್ರತಿಷ್ಠೆ ಮಾಡಿಸಿದ ಅಂತ ಹಳಗನ್ನಡದ ಶಾಸನ ಹೇಳುತ್ತೆ. 973ರಲ್ಲಿ ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಮನೆತನವನ್ನು ಮತ್ತೆ ಗದ್ದುಗೆಗೆ ತಂದವನು ಇಮ್ಮಡಿ ತೈಲಪ. ಅವನ ಕಾಲದ, 987ರ ಇನ್ನೊಂದು ಶಾಸನ ದೇವಸ್ಥಾನಕ್ಕೆ ಬಂದ ಮತ್ತಷ್ಟು ದತ್ತಿಗಳನ್ನು ದಾಖಲಿಸಿದೆ. ಆಮೇಲೂ ದತ್ತಿಗಳು ಬರ್ತಾನೇ ಇದ್ದವು. ಒಂದು ಹಳ್ಳಿಯ ಒಂದು ದೇವಸ್ಥಾನದ ಸುತ್ತ ಹತ್ತಾರು ಶಾಸನಗಳು.

ರಾಜ್ಯವೇ ಕೈ ಬದಲಾಯಿಸಿತು, ದೇವಸ್ಥಾನಕ್ಕೆ ಬರೋ ದತ್ತಿ ನಿಲ್ಲಲಿಲ್ಲ. ಇದನ್ನು ಬರೀ ಭಕ್ತಿ ಅಂತ ಹೇಳಿ ಮುಗಿಸಿಬಿಟ್ರೆ ಅರ್ಧ ಕತೆ ತಪ್ಪಿಹೋಗುತ್ತೆ.

ಆ ಕಾಲದ ದೇವಸ್ಥಾನ ಒಂದು ಸಂಸ್ಥೆ. ಇವತ್ತಿನ ಭಾಷೆಯಲ್ಲಿ ಲಾಭದ ಉದ್ದೇಶ ಇಲ್ಲದ ಸಂಸ್ಥೆ. ಖರ್ಚು ಮಾತ್ರ ಕಡಿಮೆ ಇರಲಿಲ್ಲ. ನಂದಾದೀಪಕ್ಕೆ ದಿನಾ ಎಣ್ಣೆ ಬೇಕು. ನೈವೇದ್ಯಕ್ಕೆ ಅಕ್ಕಿ ಬೇಕು. ತಪಸ್ವಿಗಳಿಗೆ ಊಟ, ಓದೋ ಹುಡುಗರಿಗೆ ಊಟ, ಪಾಠ ಹೇಳೋರಿಗೆ ಜೀವಿತ, ಹಾಡಿ ಕುಣಿಯೋರಿಗೆ, ವಾದ್ಯ ನುಡಿಸೋರಿಗೆ ಪಾಲು. ಗೋಡೆ ಬಿರುಕು ಬಿಟ್ರೆ ರಿಪೇರಿ. ನಮ್ಮ ನಾಡಿನ ದಾನಶಾಸನಗಳಲ್ಲಿ ಈ ಬಾಬತ್ತುಗಳು ಮತ್ತೆ ಮತ್ತೆ ಬರ್ತವೆ. ಹೊಸ ಕಟ್ಟಡಕ್ಕೆ ದಾನ ಸಿಗುತ್ತೆ, ಹಳೆ ಕಟ್ಟಡದ ರಿಪೇರಿಗೆ ಸಿಗೋದು ಕಷ್ಟ ಅನ್ನೋದು ಆವಾಗಲೂ ಗೊತ್ತಿದ್ದ ಸತ್ಯ ಇರಬೇಕು, ಜೀರ್ಣೋದ್ಧಾರಕ್ಕೆ ಅಂತಲೇ ಬೇರೆಯಾಗಿ ದತ್ತಿ ಬರೆಸ್ತಿದ್ರು.

ಇಷ್ಟು ಖರ್ಚನ್ನು ನೂರಾರು ವರ್ಷ ತೂಗಿಸಬೇಕು ಅಂದ್ರೆ ಒಬ್ಬ ದಾನಿ ಸಾಲದು. ಮೊದಲ ದಾನಿಯನ್ನು ನೋಡಿ ಎರಡನೆಯವನು ಬರಬೇಕು, ಅವನನ್ನು ನೋಡಿ ಮೂರನೆಯವನು. ಆ ನೋಟಕ್ಕೆ ಸಿಗೋ ಹಾಗೆ ನಿಲ್ಲಿಸಿದ್ದೇ ಕಲ್ಲು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ದಾನವನ್ನು ದಾಖಲಿಸೋಕೆ ತಾಮ್ರಪಟವೂ ಇತ್ತು. ಅದು ದಾನ ಪಡೆದವನ ಕೈಯಲ್ಲಿರೋ ಪತ್ರ. ಮನೆಯ ಪೆಟ್ಟಿಗೆಯಲ್ಲೋ ಮಠದ ಭಂಡಾರದಲ್ಲೋ ಭದ್ರವಾಗಿರುತ್ತೆ, ತಕರಾರು ಬಂದಾಗ ತೆಗೆದು ತೋರಿಸ್ತಾರೆ. ಕಲ್ಲು ಹಾಗಲ್ಲ. ಅದನ್ನು ನಿಲ್ಲಿಸ್ತಿದ್ದದ್ದು ದೇವಸ್ಥಾನದ ಅಂಗಳದಲ್ಲಿ, ಬಾಗಿಲ ಪಕ್ಕ, ಕೆರೆ ಏರಿ ಮೇಲೆ. ಎಲ್ಲಿ ಜನ ಸೇರ್ತಾರೋ ಅಲ್ಲಿ. ತಾಮ್ರಪಟ ಬೀರುವಿನಲ್ಲಿರೋ ಫೈಲ್ ಆದ್ರೆ, ಕಲ್ಲು ಬೀದಿಗೆ ಮುಖ ಮಾಡಿದ ಗೋಡೆ. ಓದು ಬಾರದವರೇ ಹೆಚ್ಚಿದ್ದ ಕಾಲ ಅದು, ನಿಜ. ಆದ್ರೆ ಊರಿಗೆ ಒಬ್ಬ ಓದಿ ಹೇಳಿದ್ರೂ ಸಾಕು, ಇದು ಯಾರು ನಿಲ್ಲಿಸಿದ ಕಲ್ಲು ಅನ್ನೋದು ಉಳಿದವರ ಬಾಯಿಗೆ ಬರ್ತಿತ್ತು.

ಅದರ ಮೇಲೆ ಏನು ಬರೀತಿದ್ರು ಅನ್ನೋದು ಇನ್ನೂ ಮುಖ್ಯ. ಕನ್ನಡ ದಾನಶಾಸನಗಳಿಗೆ ಒಂದು ಗಟ್ಟಿಯಾದ ಅಚ್ಚು ಇದೆ. ಮೊದಲು ಆಳ್ತಿರೋ ಅರಸನ ಹೆಸರು, ಬಿರುದುಗಳು. ಆಮೇಲೆ ದಿನ: ಶಕವರ್ಷ ಇಷ್ಟು, ಸಂವತ್ಸರ ಇದು, ತಿಂಗಳು, ತಿಥಿ, ವಾರ. ಸೂರ್ಯಗ್ರಹಣವೋ ಉತ್ತರಾಯಣ ಸಂಕ್ರಾಂತಿಯೋ ಆಗಿದ್ರೆ ಅದೂ. ಆಮೇಲೆ ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೆಲಸಕ್ಕೆ. ಎಷ್ಟು ಮತ್ತರು ಭೂಮಿ, ಎಷ್ಟು ಗದ್ಯಾಣ ಹೊನ್ನು. ಭೂಮಿಯನ್ನು ಯಾವ ಊರಿನ ಅಳತೆಗೋಲಿನಿಂದ ಅಳೆದದ್ದು ಅಂತ ಹೇಳೋದೂ ಉಂಟು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಎಲ್ಲೆ ಎಲ್ಲಿ ತಿರುಗುತ್ತೆ. ಎದುರಿಗೆ ಯಾರು ಯಾರು ಇದ್ರು. ಕೊನೆಗೆ ಎಷ್ಟೋ ಕಡೆ ಬರೆದವನ, ಕೆತ್ತಿದವನ ಹೆಸರು.

ಪತ್ರಿಕೆಗೆ ಕಳಿಸೋ ಪ್ರೆಸ್ ನೋಟ್‌ನಲ್ಲಿ ಇರಬೇಕಾದದ್ದೆಲ್ಲ ಇಲ್ಲಿದೆ ಅಲ್ವಾ? ಯಾರು, ಏನು, ಯಾವಾಗ, ಎಲ್ಲಿ, ಯಾಕೆ, ಎಷ್ಟು. ಇವತ್ತು ಸಂಘ–ಸಂಸ್ಥೆಗಳು ಕಳಿಸೋ ಟಿಪ್ಪಣಿಗಳಲ್ಲಿ ‘ಸಮಾಜಮುಖಿ ಕಾರ್ಯಗಳಲ್ಲಿ ಸದಾ ತೊಡಗಿಸಿಕೊಂಡಿರುವ’ ಅನ್ನೋ ಸಾಲು ಇರುತ್ತೆ, ಎಷ್ಟು ಮಕ್ಕಳಿಗೆ ಪುಸ್ತಕ ಕೊಟ್ರು ಅನ್ನೋ ಅಂಕಿ ಇರೋದಿಲ್ಲ. ಸಾವಿರ ವರ್ಷದ ಹಿಂದಿನ ಲಿಪಿಕಾರ ಅರಸನನ್ನು ಹೊಗಳೋದರಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ಆದ್ರೆ ಭೂಮಿಯ ಎಲ್ಲೆಗೆ ಬಂದಾಗ ಅವನ ಕೈ ಬಿಗಿಯಾಗ್ತಿತ್ತು. ಅಲ್ಲಿ ಬರೀ ಲೆಕ್ಕ.

ಇದಕ್ಕೆ ಕಾರಣ ಇದೆ. ಆ ಕಲ್ಲು ಜಾಹೀರಾತು ಆಗೋಕೆ ಮೊದಲು ಕರಾರುಪತ್ರ ಆಗಿತ್ತು. ಈ ಭೂಮಿಯ ಹುಟ್ಟುವಳಿ ಈ ದೀಪದ ಎಣ್ಣೆಗೆ ಅಂತ ಒಮ್ಮೆ ಕಲ್ಲಿಗೆ ಹಾಕಿಸಿದ ಮೇಲೆ ದಾನಿ ಹಿಂದೆ ಸರಿಯೋ ಹಾಗಿಲ್ಲ, ಅವನ ಮಕ್ಕಳೂ ಸರಿಯೋ ಹಾಗಿಲ್ಲ. ಪಡೆದವನು ದೀಪ ಆರಿಸೋ ಹಾಗೂ ಇಲ್ಲ. ಊರಿನ ಮಹಾಜನರು, ಗಾವುಂಡರು ಅದನ್ನು ಕಾಯಬೇಕು. ಕೊನೆಯಲ್ಲಿ ಶಾಪ ಇದ್ದೇ ಇರುತ್ತೆ: ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳವಾಗಿ ಹುಟ್ತಾನೆ. ಷರತ್ತುಗಳನ್ನು ಓದದೇ ‘ಒಪ್ಪಿದೆ’ ಅಂತ ಒತ್ತೋ ನಮಗೆ ಇದು ತಮಾಷೆ ಅನ್ನಿಸಬಹುದು. ಅವರಿಗೆ ಅದು ತಮಾಷೆ ಆಗಿರಲಿಲ್ಲ.

ದಾನಿಗೆ ಹೆಸರು ಬಂತು, ನಿಜ. ಆದ್ರೆ ಆ ಹೆಸರಿನ ಕೆಳಗೆ ಯಾರು ಬೇಕಾದ್ರೂ ಹೋಗಿ ಪರೀಕ್ಷಿಸಬಹುದಾದ ಒಂದು ಮಾತು ಇತ್ತು. ದೀಪ ಉರೀತಿದೆಯಾ ಇಲ್ವಾ ಅಂತ ಸಂಜೆ ಗುಡಿಗೆ ಹೋದವನು ಕಣ್ಣಾರೆ ನೋಡಬಹುದು. ಉರೀತಿದ್ರೆ ಆ ಹೆಸರು ಇನ್ನೊಂದು ಬಾಯಿಗೆ ಹೋಗುತ್ತೆ. ಪ್ರಚಾರ ಅನ್ನೋದು ಇಲ್ಲಿ ದಾನದ ಜೊತೆಗೆ ಬಂದ ಬಡ್ಡಿ.

ಇದು ದೊಡ್ಡ ಭೂಮಾಲೀಕರ ಆಟ ಮಾತ್ರ ಅಂದ್ಕೋಬೇಡಿ. ಸಣ್ಣ ವ್ಯಾಪಾರಿಗಳಿಗೂ ಇದರಲ್ಲಿ ಪಾಲಿತ್ತು. ಆ ಶತಮಾನಗಳ ಕರ್ನಾಟಕದ ಶಾಸನಗಳಲ್ಲಿ ಎಣ್ಣೆ ತೆಗೆಯೋ ತೆಲ್ಲಿಗರು ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಅಂತ ಬರೆಸ್ತಾರೆ. ವೀಳ್ಯದೆಲೆಯವರು ಹೇರಿಗೆ ಇಷ್ಟು ಎಲೆ ಅಂತಾರೆ. ಧಾನ್ಯದವರು ಎತ್ತಿನ ಹೇರಿಗೆ ಇಷ್ಟು ಕಾಳು. ಒಬ್ಬೊಬ್ಬನ ಪಾಲು ಒಂದು ಹಿಡಿ. ಎಲ್ಲ ಸೇರಿದ್ರೆ ಒಂದು ಗುಡಿಯ ವರ್ಷದ ದೀಪ. ಒಬ್ಬ ಗಾಣಿಗನಿಗೆ ತನ್ನದೇ ಕಲ್ಲು ನಿಲ್ಲಿಸೋ ತಾಕತ್ತು ಇಲ್ಲದಿದ್ರೂ ತೆಲ್ಲಿಗರ ಕೂಟದ ಹೆಸರಿನಲ್ಲಿ ಅವನೂ ಕಲ್ಲಿಗೆ ಬಂದ. ದುಡ್ಡು ಕೊಡೋಕೆ ಆಗದವರು ತಮ್ಮ ಸರಕನ್ನೇ ಕೊಟ್ರು. ಇವತ್ತು ಅನಾಥಾಶ್ರಮದ ಮಕ್ಕಳಿಗೆ ವಾರಕ್ಕೊಂದು ದಿನ ಬ್ರೆಡ್ ಕಳಿಸೋ ಬೇಕರಿ ಮಾಡೋದೂ ಅದನ್ನೇ. ಒಂದು ವ್ಯತ್ಯಾಸ, ಅವರು ‘ಪ್ರತಿ ಹೇರಿಗೆ ಇಷ್ಟು’ ಅಂತ ಮೊದಲೇ ಹೇಳಿ ಕಟ್ಟುಬೀಳ್ತಿದ್ರು.

ಇದನ್ನು ಬಹಳ ದೊಡ್ಡ ಮಟ್ಟದಲ್ಲಿ ಮಾಡಿದವರು ಅಯ್ಯಾವೊಳೆ ಐನೂರ್ವರು. ಐಹೊಳೆಯ ಹೆಸರನ್ನು ಹೊತ್ತ ವರ್ತಕರ ಮಹಾಸಂಘ. ಕತ್ತೆ–ಕೋಣಗಳ ಮೇಲೆ ಸರಕು ಹೇರಿಕೊಂಡು ನಾಡಿನಿಂದ ನಾಡಿಗೆ ಅಲೆದವರು. ಅವರು ದತ್ತಿ ಬಿಟ್ಟ ಕಡೆಯಲ್ಲೆಲ್ಲ ಶಾಸನದಲ್ಲಿ ಅವರದೊಂದು ಉದ್ದನೆಯ ಪ್ರಶಸ್ತಿ ಬರುತ್ತೆ. ನಾವು ಎಂಥ ಶೂರರು, ಯಾವ ಯಾವ ದೇಶ ಸುತ್ತಿದವರು, ಏನೇನು ಮಾರೋರು, ಕೆಣಕಿದ್ರೆ ಏನಾಗುತ್ತೆ ಅಂತ. ಶಿಕಾರಿಪುರ ಸೀಮೆಯ ಒಂದು ಶಾಸನದಲ್ಲಂತೂ ಆನೆ, ಕುದುರೆ, ರತ್ನಗಳಿಂದ ಹಿಡಿದು ಏಲಕ್ಕಿ, ಲವಂಗದವರೆಗೆ ಸರಕಿನ ಪಟ್ಟಿಯೇ ಇದೆ. ಇವತ್ತಿನ ಕಂಪನಿಗಳು ‘ನಮ್ಮ ಬಗ್ಗೆ’ ಅಂತ ಬರೆದುಕೊಳ್ಳೋ ಪುಟವನ್ನು ನೆನಪಿಸೋ ಬರಹ, ಸ್ವಲ್ಪ ಜಾಸ್ತಿ ಮೀಸೆ ತಿರುವಿದ್ದು.

ಆ ಹೆಸರು ಎಲ್ಲಿಯವರೆಗೆ ಹೋಯ್ತು ಅಂದ್ರೆ, ಸುಮಾತ್ರಾ ದ್ವೀಪದ ಬಾರೂಸ್ ಹತ್ತಿರ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರು ಇದ್ದಾರೆ. ಮಲಪ್ರಭೆಯ ದಂಡೆಯ ಒಂದು ಊರಿನಿಂದ ಹೊರಟ ಹೆಸರು ಭಾಷೆ ಬದಲಿಸಿಕೊಂಡು ಸಮುದ್ರ ದಾಟಿತು. ಹೊಸ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ವ್ಯಾಪಾರಿಗೆ ಬೇಕಾದದ್ದು ನಂಬಿಕೆ. ಅಲ್ಲಿನ ಗುಡಿಯ ದೀಪಕ್ಕೆ ಎಣ್ಣೆ ಹಾಕಿದವನನ್ನು ಆ ಊರು ನಂಬೋದು ಸುಲಭ. ಅವರ ಲೆಕ್ಕ ಅದೇ ಇದ್ದಿರಬೇಕು.

ಇದೇ ತೈಲಪನ ಕಾಲಕ್ಕೆ ಸೇರಿದ ಇನ್ನೊಂದು ಹೆಸರು ಅತ್ತಿಮಬ್ಬೆ. ಅವಳ ಗಂಡ ನಾಗದೇವ ಚಾಲುಕ್ಯರ ಸೇನಾನಿ. ಅವನು ತೀರಿಕೊಂಡ ಮೇಲೆ ಅತ್ತಿಮಬ್ಬೆ ಮಾಡಿದ ಕೆಲಸಗಳಲ್ಲಿ ಒಂದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು. ಅಚ್ಚಿನ ಯಂತ್ರ ಇಲ್ಲದ ಕಾಲ, ಒಂದೊಂದನ್ನೂ ಓಲೆಗರಿಯ ಮೇಲೆ ಕೈಯಲ್ಲಿ ಬರೆಸಬೇಕು. ಅದು ಅವಳ ಬಗ್ಗೆ ಬರೆದ ಕಾವ್ಯ ಅಲ್ಲ, ಅವಳು ಬರೆದದ್ದೂ ಅಲ್ಲ. ಪುಸ್ತಕ ಉಳೀಬೇಕು ಅಂತ ಹಂಚಿದಳು. ಅವಳ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣ ಬರೆದ, ಅದರಲ್ಲಿ ಅವಳ ಗುಣಗಾನ ಮಾಡಿದ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ ಶಾಸನ 1007ರದ್ದು. ಇವತ್ತು ಕರ್ನಾಟಕ ಸರ್ಕಾರ ಲೇಖಕಿಯರಿಗೆ ಕೊಡೋ ಒಂದು ದೊಡ್ಡ ಪ್ರಶಸ್ತಿಗೆ ಅವಳದೇ ಹೆಸರು, ದಾನಚಿಂತಾಮಣಿ ಅತ್ತಿಮಬ್ಬೆ. ಬೇರೆಯವರ ಕೃತಿಯ ಸಾವಿರ ಪ್ರತಿ ಹಂಚಿದವಳ ಹೆಸರು ಸಾವಿರ ವರ್ಷ ದಾಟಿತು.

ದಾನಕ್ಕೆ ನಮ್ಮ ಶಾಸನಗಳು ಬಳಸೋ ಒಂದು ಕ್ರಿಯಾಪದ ‘ಬಿಡು’. ಇಂಥವರು ಇಷ್ಟು ಭೂಮಿ ‘ಬಿಟ್ಟರು’, ಇದು ಇಂಥವರು ‘ಬಿಟ್ಟ ದತ್ತಿ’. ‘ಬಿಟ್ಟಿ’ ಮತ್ತು ‘ಬಿಟ್ಟ’, ಕೇಳೋಕೆ ಒಂದೇ ಥರ. ಅರ್ಥದಲ್ಲಿ ಎದುರುಬದುರು. ಒಂದು ಬೇರೆಯವರಿಂದ ಕಿತ್ತುಕೊಂಡದ್ದು, ಇನ್ನೊಂದು ತನ್ನ ಕೈಯಿಂದ ಬಿಟ್ಟುಕೊಟ್ಟದ್ದು. ಬಿಟ್ಟಿ ಪ್ರಚಾರ ಸಿಕ್ಕವರ ಕತೆಗಳನ್ನು ಕೆದಕಿ ನೋಡಿ, ಬಹಳಷ್ಟರಲ್ಲಿ ಅದಕ್ಕೂ ಮೊದಲು ಏನನ್ನೋ ಬಿಟ್ಟುಕೊಟ್ಟ ಒಂದು ಗಳಿಗೆ ಇರುತ್ತೆ.

ಕಲ್ಲಿನ ಕಾಲ ಮುಗೀತು, ಈಗ ಅದೆಲ್ಲ ಎಲ್ಲಿ ಅಂತ ಕೇಳಬಹುದು. ಬಾಗಳಿಯ ಪಕ್ಕದ ಹೂವಿನಹಡಗಲಿ ತಾಲ್ಲೂಕಿಗೆ ಬನ್ನಿ. ಅಲ್ಲಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಗೆ ಕಾರಣಿಕ ನಡೆಯುತ್ತೆ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಅಂತಾನೆ. ಲಕ್ಷಗಟ್ಟಲೆ ಜನರ ಬಯಲು ಒಂದೇ ಸಲಕ್ಕೆ ಮೌನ ಆಗುತ್ತೆ. ಅವನು ಒಂದೇ ಒಂದು ವಾಕ್ಯ ಹೇಳಿ ಬಿಲ್ಲಿನಿಂದ ಕೆಳಗೆ ಬೀಳ್ತಾನೆ, ಜನ ಹಿಡ್ಕೋತಾರೆ. ಮರುದಿನ ಕನ್ನಡ ಪತ್ರಿಕೆಗಳಲ್ಲಿ, ಅವತ್ತೇ ರಾತ್ರಿ ಟೀವಿಯಲ್ಲಿ, ಆ ವಾಕ್ಯ.

ಇದು ಭಕ್ತರ ಶ್ರದ್ಧೆಯ ವಿಷಯ, ಯಾರೂ ಪ್ರಚಾರಕ್ಕೆ ಅಂತ ಮಾಡೋದಲ್ಲ. ಆದ್ರೂ ಸುದ್ದಿ ಹೇಗೆ ಹರಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಸಿಗಲ್ಲ. ದಿನ ಮೊದಲೇ ಗೊತ್ತು, ಪಂಚಾಂಗದಲ್ಲೇ ಇದೆ. ಮಾತು ಒಂದೇ ಸಾಲು, ಬಾಯಲ್ಲಿ ಇಟ್ಕೊಂಡು ಊರಿಗೆ ಒಯ್ಯಬಹುದು. ಅರ್ಥ ಮಾತ್ರ ಕೇಳಿದವರಿಗೆ ಬಿಟ್ಟದ್ದು. ರೈತ ಅದನ್ನು ಮಳೆಗೆ ಹಚ್ತಾನೆ, ವ್ಯಾಪಾರಿ ಧಾರಣೆಗೆ, ರಾಜಕಾರಣಿ ಕುರ್ಚಿಗೆ. ಕೇಳಿದವನು ಬರೀ ಕೇಳುಗ ಆಗಿ ಉಳಿಯಲ್ಲ, ತನ್ನ ಪಾಲು ಸೇರಿಸಿ ಮುಂದೆ ದಾಟಿಸ್ತಾನೆ.

ಇಷ್ಟೆಲ್ಲ ಕಲ್ಲುಗಳನ್ನು ನಿಲ್ಲಿಸಿದ ಬಾಗಳಿಗೇ ಇವತ್ತು ಪ್ರಚಾರ ಇಲ್ಲ ಅನ್ನೋದು ಈ ಕತೆಯ ವಿಚಿತ್ರ. ಕಲ್ಲೇಶ್ವರನ ಗುಡಿಯ ಬಾಗಿಲವಾಡದ ಕೆತ್ತನೆ, ಮಂಟಪದ ಕಂಬಗಳ ವೈವಿಧ್ಯ, ಹೊರಗೋಡೆಯ ಶಿಲ್ಪ ಯಾವ ಪ್ರಸಿದ್ಧ ಗುಡಿಗೂ ಕಡಿಮೆ ಇಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲೂ ಇದೆ. ಆದ್ರೆ ಅದೇ ಜಿಲ್ಲೆಯ ಹಂಪಿಗೆ ಹೋಗೋ ಬಸ್ಸುಗಳು ಇತ್ತ ತಿರುಗೋದಿಲ್ಲ.

ಹಂಪಿಯ ಹೆಸರು ಹೇಗೆ ಹರಡಿತು ನೋಡಿ. 1443ರಲ್ಲಿ ಅಬ್ದುರ್ ರಜಾಕ್ ಬಂದು ಕಂಡದ್ದನ್ನು ಪಾರ್ಸಿಯಲ್ಲಿ ಬರೆದ. ಹದಿನಾರನೇ ಶತಮಾನದಲ್ಲಿ ಪಾಯೆಸ್, ನೂನಿಜ್ ಪೋರ್ಚುಗೀಸಿನಲ್ಲಿ ಬರೆದ್ರು. ಊರು ಹಾಳಾಯ್ತು, ಬರಹ ಉಳೀತು. 1856ರಲ್ಲಿ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ಹಂಪಿಯ ಫೋಟೊ ತೆಗೆದ. 1900ರಲ್ಲಿ ರಾಬರ್ಟ್ ಸೀವೆಲ್ ಆ ಪೋರ್ಚುಗೀಸ್ ಬರಹಗಳನ್ನು ಇಂಗ್ಲಿಷಿಗೆ ತಂದು ವಿಜಯನಗರದ ಇತಿಹಾಸ ಪ್ರಕಟಿಸಿದ. 1986ರಲ್ಲಿ ಯುನೆಸ್ಕೊ ಪಟ್ಟಿ ಬಂತು. ಒಬ್ಬ ಹೊತ್ತು ತಂದದ್ದನ್ನು ಇನ್ನೊಬ್ಬ ಎತ್ತಿಕೊಂಡ. ಹಂಪಿ ಇವರಲ್ಲಿ ಯಾರಿಗೂ ಜಾಹೀರಾತಿನ ದುಡ್ಡು ಕೊಟ್ಟಿರಲಿಲ್ಲ.

ಬಾಗಳಿಯ ಸುದ್ದಿ ಕಲ್ಲಿನ ಮೇಲೇ ನಿಂತುಬಿಟ್ಟಿತು. ಅದು ಮಾತಾಡಿದ್ದು ಸುತ್ತಲಿನ ನಾಡಿನ ಜೊತೆ, ಆ ನಾಡಿನ ಕನ್ನಡದಲ್ಲಿ, ಆ ಕಾಲದ ಲಿಪಿಯಲ್ಲಿ. ಅವರ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ, ದತ್ತಿ ಕೊಡೋರು ಅದೇ ಸುತ್ತಲಿನವರು ತಾನೇ? ಆದ್ರೆ ಭಾಷೆ ಬದಲಾಯ್ತು, ಅಕ್ಷರ ಬದಲಾಯ್ತು. ಒಂದು ಕಾಲಕ್ಕೆ ಊರಿಗೆಲ್ಲ ಕೇಳಿಸ್ತಿದ್ದ ಕಲ್ಲು ಮೂಕ ಆಯ್ತು. ಓದೋರು ಇಲ್ಲದ ಪ್ರಕಟಣೆ ಎಷ್ಟೇ ಆಳವಾಗಿ ಕೆತ್ತಿದ್ರೂ ಪ್ರಕಟಣೆ ಆಗಲ್ಲ.

ಮತ್ತೆ ಮಾತು ಬರೋಕೆ ಹೊರಗಿನವರ ದುಡಿಮೆ ಬೇಕಾಯ್ತು. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಈ ಭಾಗದ ಚಾಲುಕ್ಯ ಗುಡಿಗಳನ್ನು ಅಳೆದು, ನಕ್ಷೆ ಬರೆಸಿ, 1896ರಲ್ಲಿ ಪುಸ್ತಕ ಮಾಡಿದ. ಅದರಲ್ಲಿ ಬಾಗಳಿಯೂ ಇದೆ. ಆಮೇಲೆ ಶಾಸನ ಇಲಾಖೆಯವರು ಒದ್ದೆ ಕಾಗದ ಕಲ್ಲಿಗೆ ಬಡಿದು, ಮಸಿ ಒತ್ತಿ, ಅಚ್ಚು ತೆಗೆದ್ರು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ದಕ್ಷಿಣ ಭಾರತದ ಶಾಸನಗಳ ಮಾಲೆಯ ಒಂಬತ್ತನೇ ಸಂಪುಟದಲ್ಲಿ 1939ರಲ್ಲಿ ಅಚ್ಚಾದವು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಲೋಕಕ್ಕೆ ತೋರಿಸಿದ ಆರ್. ಶಾಮಶಾಸ್ತ್ರಿಗಳು ಅದರ ಸಂಪಾದಕರಲ್ಲಿ ಒಬ್ಬರು. ಬಾಗಳಿಯ ಕಲ್ಲುಗಳು ಆ ಪುಟಗಳಲ್ಲಿ ಮತ್ತೆ ಓದೋಕೆ ಸಿಕ್ಕವು. ದುಗ್ಗಿಮಯ್ಯನ ಹೆಸರು ಈ ಅಂಕಣದವರೆಗೆ ಬಂದದ್ದು ಅಂಥ ದುಡಿಮೆಯ ದೆಸೆಯಿಂದ.

ಆ ವಿದ್ವಾಂಸರಿಗೆ ಕೆಲಸ ಮಾಡೋಕೆ ಸಾಧ್ಯ ಆದದ್ದು ಯಾಕೆ? ಕಲ್ಲಿನಲ್ಲಿ ತಾರೀಖು ಇತ್ತು, ಅಳತೆ ಇತ್ತು, ಹೆಸರಿತ್ತು. ಬರೀ ಹೊಗಳಿಕೆ ಇದ್ದಿದ್ರೆ ಇತಿಹಾಸಕಾರರು ಕಣ್ಣಾಡಿಸಿ ಮುಂದೆ ಹೋಗ್ತಿದ್ರು. ವಿವರ ಇದ್ದ ಸುದ್ದಿಗೆ ಎರಡನೇ ಜನ್ಮ ಸಿಕ್ತು.

ಈಗ ನಮ್ಮ ಕಾಲಕ್ಕೆ ಬರೋಣ. ಮಂಗಳೂರಿನಲ್ಲಿ ಕಿತ್ತಳೆ ಮಾರ್ತಿದ್ದ ಹರೇಕಳ ಹಾಜಬ್ಬ ಅವರ ಕತೆ ನಿಮಗೆ ಗೊತ್ತೇ ಇರುತ್ತೆ. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳೋಕೆ ಆಗಲಿಲ್ಲ. ನಮ್ಮೂರ ಮಕ್ಕಳಿಗೆ ಹೀಗೆ ಆಗಬಾರದು ಅಂತ ಬುಟ್ಟಿ ವ್ಯಾಪಾರದಲ್ಲಿ ಉಳಿಸಿದ ದುಡ್ಡು ಹಾಕಿ, ಕಚೇರಿಗಳಿಗೆ ಅಲೆದು, ನ್ಯೂಪಡ್ಪುವಿನಲ್ಲಿ ಶಾಲೆ ಆಗೋ ಹಾಗೆ ಮಾಡಿದ್ರು. ಕನ್ನಡ ಪತ್ರಿಕೆಗಳು ಅವರ ಬಗ್ಗೆ ಬರೆದವು. ಪ್ರಶಸ್ತಿಗಳು ಬಂದವು. ಪ್ರಶಸ್ತಿಯ ದುಡ್ಡೂ ಶಾಲೆಗೇ ಹೋಯ್ತು. ಅದು ಮತ್ತೊಂದು ಸುದ್ದಿ ಆಯ್ತು. 2020ರ ಗಣರಾಜ್ಯೋತ್ಸವದ ಹೊತ್ತಿಗೆ ಪದ್ಮಶ್ರೀ ಘೋಷಣೆ ಆಯ್ತು.

ಅವರ ಹತ್ತಿರ ಪ್ರಚಾರದ ಯೋಜನೆ ಇರಲಿಲ್ಲ, ಶಾಲೆ ಇತ್ತು. ಹೋಗಿ ನೋಡಬಹುದಾದ ಕಟ್ಟಡ, ಎಣಿಸಬಹುದಾದ ಮಕ್ಕಳು. ಬರೆಯೋ ವರದಿಗಾರನಿಗೆ ಅದಕ್ಕಿಂತ ಹೆಚ್ಚು ಏನು ಬೇಕು? ಗುಡಿಯ ನಂದಾದೀಪದ ಹಾಗೇ ಇದು. ಸಂಜೆ ಹೋಗಿ ನೋಡಿದವನಿಗೆ ಉರೀತಿರೋದು ಕಾಣುತ್ತೆ.

ವ್ಯಾಪಾರದಲ್ಲೂ ಇದಕ್ಕೆ ಉದಾಹರಣೆ ಇದೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್ ಅನ್ನು ಬೆಳೆಸಿದವರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದ್ರು. ಆಮೇಲೆ ತಮ್ಮ ಅಡುಗೆಮನೆಯನ್ನು ಗಿರಾಕಿಗಳು ಬಂದು ನೋಡೋಕೆ ತೆರೆದಿಟ್ರು. ‘ನಮ್ಮಲ್ಲಿ ಶುಚಿ–ರುಚಿ’ ಅಂತ ಬೋರ್ಡು ಬರೆಸಿದ ಹೋಟೆಲುಗಳು ಊರಲ್ಲಿ ಎಷ್ಟಿವೆಯೋ. ಅಡುಗೆಮನೆ ನೋಡಿ ಬಂದವನು ಮಾತ್ರ ಮನೆಗೆ ಹೋಗಿ ಆ ಮಾತು ಹೇಳ್ತಾನೆ. ಅವನಿಗೆ ಹೇಳೋಕೆ ಏನೋ ಸಿಕ್ಕಿತು. ಅಡುಗೆಮನೆಯ ಗುಟ್ಟನ್ನು ಬಿಟ್ಟುಕೊಟ್ಟದ್ದೇ ಅಲ್ಲಿನ ದತ್ತಿ.

ಈಗ ಮತ್ತೆ ಆ ಹಳೇ ಅರ್ಥದ ಬಿಟ್ಟಿಗೆ ಬರಬೇಕು. ನಿಮ್ಮ ಸುದ್ದಿ ಹೊರೋರು ಯಾರು? ತಾಲ್ಲೂಕು ಮಟ್ಟದಲ್ಲಿ ಪತ್ರಿಕೆಗೆ ಬರೆಯೋರಲ್ಲಿ ಹಲವರು ಅರೆಕಾಲಿಕರು. ಬೆಳಗ್ಗೆ ಬೇರೆ ಕಸುಬು, ಮಧ್ಯಾಹ್ನದ ಮೇಲೆ ಸುದ್ದಿ. ನೀವು ಕಳಿಸಿದ ಹಾರೈಕೆಯ ಭಾಷಣದಿಂದ ಅವರು ಎರಡು ಸಾಲು ಸುದ್ದಿ ಹೆಕ್ಕಬೇಕು ಅಂದ್ರೆ ಅದು ಅವರಿಂದ ನೀವು ಮಾಡಿಸಿಕೊಳ್ಳೋ ಬಿಟ್ಟಿ. ಅದರ ಬದಲು ಒಂದೇ ಹಾಳೆಯಲ್ಲಿ ದಿನ, ಸ್ಥಳ, ಹೆಸರುಗಳು, ಲೆಕ್ಕ, ಕರೆ ಮಾಡಿದ್ರೆ ಎತ್ತೋ ಒಂದು ಫೋನ್ ನಂಬರು, ಒಂದು ಒಳ್ಳೆ ಫೋಟೊ ಕಳಿಸಿದ್ರೆ ಅವರ ಹೊರೆ ಇಳಿಯುತ್ತೆ. ಫೋಟೊದಲ್ಲಿ ಅತಿಥಿಗಳ ಶಾಲು–ಹಾರಕ್ಕಿಂತ ಕೆಲಸ ಕಾಣಲಿ. ಕಾರ್ಯಕ್ರಮ ಮುಗಿದು ವಾರ ಆದ ಮೇಲೆ ಕಳಿಸಿದ್ರೆ ಅದು ಸುದ್ದಿ ಅಲ್ಲ, ನೆನಪು.

ಕನ್ನಡದ ಓದುಗರು ಬೇಕು ಅಂದ್ರೆ ಕನ್ನಡದಲ್ಲೇ ಬರೆದು ಕಳಿಸಿ. ಇಂಗ್ಲಿಷಿನ ಟಿಪ್ಪಣಿಯನ್ನು ಡೆಸ್ಕಿನಲ್ಲಿ ಕೂತವರು ರಾತ್ರಿ ಹನ್ನೊಂದಕ್ಕೆ ಅನುವಾದ ಮಾಡ್ತಾರೆ ಅನ್ನೋ ಆಸೆ ಬೇಡ. ಆಕಾಶವಾಣಿಯ ಹೊಸಪೇಟೆ ಕೇಂದ್ರ ಇದೆ, ನಿಮ್ಮ ಹತ್ತಿರದಲ್ಲೂ ಒಂದು ಇರಬಹುದು. ಸ್ಥಳೀಯ ದನಿಗಳಿಗೆ ಅಲ್ಲಿ ಜಾಗ ಇದೆ. ಆದ್ರೆ ‘ನಮ್ಮ ಸಂಸ್ಥೆಯ ಬಗ್ಗೆ ಹೇಳಿ’ ಅಂತ ಹೋದ್ರೆ ಕೆಲಸ ಆಗಲ್ಲ. ಮಣ್ಣು ಪರೀಕ್ಷೆ ಮಾಡಿಸೋದು ಹೇಗೆ, ಹೆಣ್ಣುಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕೋದು ಹೇಗೆ ಅಂತ ಕೇಳುಗರಿಗೆ ಉಪಯೋಗ ಆಗೋ ವಿಷಯ ಹಿಡ್ಕೊಂಡು ಹೋಗಿ. ಹೇಳಿದವರು ಯಾರು ಅನ್ನೋದು ಕೇಳಿದವರಿ​ಗೆ ತಾನಾಗೇ ತಿಳಿಯುತ್ತೆ.

ಇನ್ನೊಂದು ಮಾತು, ಸ್ವಲ್ಪ ಇರುಸುಮುರುಸಿನದು. ಪ್ರಚಾರದ ಕಲ್ಲಿನ ಮೇಲೆ ಯಾರ ಹೆಸರು ಬರುತ್ತೆ? ಬಾಗಳಿಯ ಕಂಬಗಳನ್ನು ಕಡೆದ ಕೈಗಳಿಗಿಂತ ದತ್ತಿ ಕೊಟ್ಟವರ ಹೆಸರು ಶಾಸನಗಳಲ್ಲಿ ದೊಡ್ಡದು. ಚಾಲುಕ್ಯ, ಹೊಯ್ಸಳರ ಕಾಲದ ಕೆಲವು ಗುಡಿಗಳಲ್ಲಿ ರೂವಾರಿಗಳು ಶಿಲ್ಪದ ಕೆಳಗೆ ತಮ್ಮ ಹೆಸರು ಕೆತ್ತಿಕೊಂಡರು, ಬೇಲೂರಿನ ದಾಸೋಜ, ಚಾವಣರನ್ನು ನಾವು ನೆನೆಯೋದು ಹಾಗಾಗಿಯೇ. ಕಲ್ಲು ಹೊತ್ತವರಿಗೆ, ಸುಣ್ಣ ಅರೆದವರಿಗೆ ಆ ಜಾಗ ಸಿಗಲಿಲ್ಲ. ನಿಮ್ಮ ಟ್ರಸ್ಟಿನ ಬಗ್ಗೆ ಪತ್ರಿಕೆಯಲ್ಲಿ ಬಂದಾಗ ಅಧ್ಯಕ್ಷರ ಫೋಟೊ ಬರುತ್ತಾ, ದಿನಾ ಸಂಜೆ ಮಕ್ಕಳಿಗೆ ಪಾಠ ಹೇಳೋ ಆ ಊರಿನ ಅಕ್ಕನ ಹೆಸರು ಬರುತ್ತಾ? ಸಾವಿರ ವರ್ಷದ ಹಿಂದಿನವರಿಗೆ ಕಲ್ಲಿನಲ್ಲಿ ಜಾಗ ಕಡಿಮೆ ಇತ್ತು ಅಂತಾದ್ರೂ ಹೇಳಬಹುದು. ನಮಗೆ ಆ ನೆಪವೂ ಇಲ್ಲ. ಅವರ ಹೆಸರು ಹಾಕಿದ್ರೆ ಸುದ್ದಿ ಇನ್ನೂ ದೂರ ಹೋಗುತ್ತೆ ಅನ್ನೋದು ಆಮೇಲಿನ ಮಾತು. ಹಾಕಬೇಕಾದದ್ದು ಅದು ನ್ಯಾಯ ಅನ್ನೋ ಕಾರಣಕ್ಕೆ.

ಒಟ್ಟಿನಲ್ಲಿ ಬಿಟ್ಟಿ ಪ್ರಚಾರದ ಸೂತ್ರ ಅಂತ ಏನಾದ್ರೂ ಇದ್ರೆ ಅದನ್ನು ದತ್ತಿಯ ಕಲ್ಲುಗಳು ಬಹಳ ಹಿಂದೆಯೇ ಹೇಳಿ ಮುಗಿಸಿವೆ. ನಿಮ್ಮದನ್ನು ಏನಾದ್ರೂ ಬಿಡಿ. ಎಷ್ಟು ಬಿಟ್ರಿ, ಯಾರಿಗೆ, ಎಂದಿನಿಂದ ಅಂತ ಲೆಕ್ಕ ಸಮೇತ ಜನ ಸೇರೋ ಕಡೆ, ಜನರ ಭಾಷೆಯಲ್ಲಿ ಹೇಳಿ. ಹೇಳಿದ ಮಾತಿಗೆ ಕಟ್ಟುಬೀಳಿ. ಹೊತ್ತು ಸಾಗಿಸೋರ ಹೊರೆ ಹಗುರ ಮಾಡಿ.

ಮುಂದಿನ ಪೋಸ್ಟರ್ ಮಾಡಿಸೋ ಮೊದಲು ಸಂಸ್ಥೆಯ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು ಅಂತ ಚರ್ಚೆ ನಡೆಯುತ್ತಲ್ಲ, ಆವಾಗ ದುಗ್ಗಿಮಯ್ಯನನ್ನು ನೆನೆಸಿಕೊಳ್ಳಿ. ಅವನ ಹೆಸರು ಇಲ್ಲಿಯವರೆಗೆ ಬಂದದ್ದು ಅಕ್ಷರದ ಗಾತ್ರದಿಂದ ಅಲ್ಲ. ಆ ಹೆಸರಿನ ಪಕ್ಕದಲ್ಲಿ ಅವನು ಮಾಡಿದ ಒಂದು ಕೆಲಸ ಇತ್ತು, ಇವತ್ತಿಗೂ ಬಾಗಳಿಗೆ ಹೋದ್ರೆ ಅದನ್ನು ನೋಡಬಹುದು. ನಿಮ್ಮ ಹೆಸರಿನ ಪಕ್ಕದಲ್ಲಿ ಏನು ಬರೀತೀರಿ?